ಗೌರೀಶಂಕರನನ್ನು ಕೇಳುವುದು ಎಲ್ಲಿಂದ?

"ಎಲ್ಲಿಂದ ಶುರು ಮಾಡುದು? ಹೇಳು!"

ಗಿರಿಧರ ಗುಡುಗಿದ. ನನ್ನ ಕೈಗಳನ್ನು ಹಿಂದಕ್ಕೆ ಕಟ್ಟಿದ್ದರು. ಎದುರಿಗೆ ಮೂರು ಗೋಣಿ ತುಂಬ ಸಿ.ಡಿ.ಗಳು. ಪಕ್ಕದಲ್ಲಿ ಉರಿಯುವ ಒಲೆ.

ಐವರ್ನಾಡಿನ ಅವನ ತೋಟದಲ್ಲಿ ರಬ್ಬರ್ ಶೀಟಿಗೆ ಹೊಗೆ ಹಾಕುವ ಕೋಣೆ ಅದು. ಬೆಳಿಗ್ಗೆ ಹತ್ತರ ಹೊತ್ತು. ನನ್ನ ಕಣ್ಣಲ್ಲಿ ನೀರು. ಹೊಗೆಗೆ ಸ್ವಾಮೀ, ಹೆದರಿಕೆಗಲ್ಲ... ಸರಿ, ಅರ್ಧ ಹೆದರಿಕೆಗೆ!

ನಾನು ರಾಮಪ್ರಸಾದ. ಪುತ್ತೂರಿನಲ್ಲಿ ಸಣ್ಣ ಡಿಟೆಕ್ಟಿವ್ ಆಫೀಸು. ಓಡಿಹೋದ ಅಳಿಯ, ಕಳುವಾದ ಬೈಕು, ಏನು ಬೇಕಾದರೂ ಹುಡುಕಿಕೊಡುತ್ತೇನೆ. ಈ ಸಲ ಹುಡುಕಿದ್ದು ಸಂಗೀತ!

ಬೆಟ್ಟಂಪಾಡಿಯ ಗೌರೀಶಂಕರ ಮದುವೆಮನೆಗಳಲ್ಲಿ ಸ್ಯಾಕ್ಸೋಫೋನ್ ನುಡಿಸುತ್ತಿದ್ದವನು. ನಡುವಯಸ್ಸಿನಲ್ಲಿ ತಲೆಗೆ ಜಾಜ್ ಹತ್ತಿತು. ಅದೂ ಸಾದಾ ಜಾಜ್ ಅಲ್ಲ. ತಾಳ ಮುರಿದು, ರಾಗ ಒಡೆದು, ಹೊರಗಿನ ಗಲಾಟೆಯನ್ನೂ ಒಳಗೆ ಸೇರಿಸಿಕೊಂಡು ಕಟ್ಟುವ ಹೊಸ ನಮೂನೆ. ವಾರಕ್ಕೊಂದು ಆಲ್ಬಂ! ಸಿ.ಡಿ. ಮಾಡಿದ ಕೂಡಲೇ ಕಂಪ್ಯೂಟರಿನಿಂದ ಅಳಿಸಿಬಿಡುತ್ತಿದ್ದ. ಹೋದ ವರ್ಷ ತೀರಿಕೊಂಡಾಗ ಮುನ್ನೂರಕ್ಕೂ ಮಿಕ್ಕಿ ಇದ್ದವು. ಹೆಸರಿಲ್ಲ, ತಾರೀಕಿಲ್ಲ... ಕವರಿನ ಮೇಲೆ ಕೈಯಾರೆ ಬಳಿದ ಬಣ್ಣ ಅಷ್ಟೇ.

ಅವುಗಳಲ್ಲೊಂದರಲ್ಲಿ ಗಿರಿಧರನ ದನಿ ಇತ್ತು.

ಗೌರೀಶಂಕರನ ನೆರೆಮನೆಯ ಮುದುಕಿ ಚೆನ್ನು. ಅವಳ ಜಾಗದ ಮೇಲೆ ಗಿರಿಧರನಿಗೆ ಕಣ್ಣು. "ಹೆಬ್ಬೆಟ್ಟು ಒತ್ತದಿದ್ರೆ ಮನೆ ಸಮೇತ ಸುಡ್ತೇನೆ" ಎಂದು ಅವಳ ಅಂಗಳದಲ್ಲಿ ನಿಂತು ಕೂಗಿದ್ದ. ಮುದುಕಿ ನಡುಗುತ್ತ ಒತ್ತಿದಳು. ಬೇಲಿಯಾಚೆ ಗೌರೀಶಂಕರನ ರೆಕಾರ್ಡಿಂಗ್ ನಡೆಯುತ್ತಿತ್ತು!

ಆ ಸಿ.ಡಿ. ಹುಡುಕುವ ಕೆಲಸ ಕೊಟ್ಟದ್ದು ಚೆನ್ನುವಿನ ವಕೀಲೆ ರಿಝ್ವಾನಾ. ಗಿರಿಧರ ಬಂದದ್ದು ಮಳೆಗಾಲದಲ್ಲಿ, ಅಡಿಕೆಗೆ ಕೊಳೆರೋಗದ ಮದ್ದು ಸಿಂಪಡಿಸುವ ದಿನಗಳಲ್ಲಿ ಎಂದು ಚೆನ್ನು ಹೇಳಿದ್ದಳು. ಹಾಗಾಗಿ ಹಿನ್ನೆಲೆಯಲ್ಲಿ ಮದ್ದಿನ ಪಂಪು ಕೂಗುವ ಸಿ.ಡಿ.ಗಳನ್ನೇ ಹೆಕ್ಕಿ ಕೇಳಿದೆ. ಕಿವಿ ಹೋಯಿತು, ನಿದ್ರೆ ಹೋಯಿತು. ಕೊನೆಗೆ ಸಿಕ್ಕಿತು!

ಈಗ ಅದು ರಿಝ್ವಾನಾಳ ಕಾರಿನಲ್ಲಿತ್ತು. ಕೊಯಿಲದಲ್ಲಿ ಅಡಗಿಸಿಟ್ಟಿದ್ದ ಚೆನ್ನುವನ್ನು ಕೂರಿಸಿಕೊಂಡು ಅವಳು ಪುತ್ತೂರು ಕೋರ್ಟಿಗೆ ಹೊರಟಿದ್ದಳು. ಹನ್ನೊಂದಕ್ಕೆ ಕೇಸು.

ಉಳಿದ ಸಿ.ಡಿ.ಗಳ ಗೋಣಿಗಳನ್ನು ಸುಳ್ಯದಲ್ಲಿರುವ ಗೌರೀಶಂಕರನ ಮಗಳು ರಮ್ಯಶ್ರೀಗೆ ತಲುಪಿಸಲು ನಾನು ವ್ಯಾನಿನಲ್ಲಿ ಹೊರಟಿದ್ದೆ. ಗಿರಿಧರನಿಗೆ ಸುದ್ದಿ ಮುಟ್ಟಿತ್ತು; ಬೆಳ್ಳಾರೆ ದಾಟುತ್ತಲೇ ಅವನ ಎರಡು ಜೀಪು ಬೆನ್ನು ಹತ್ತಿದವು. ತಿರುವಿನಲ್ಲಿ ಒಂದಕ್ಕೆ ಕೈಕೊಟ್ಟೆ. ಇನ್ನೊಂದು ನನ್ನನ್ನು ಚರಂಡಿಗೆ ತಳ್ಳಿತು!

"ಎಲ್ಲ ಒಲೆಗೆ ಹಾಕುವ ಅಣ್ಣಾ" ಎಂದ ಒಬ್ಬ ಚೇಲ.

"ಮಂಡೆ ಉಂಟಾ ನಿಂಗೆ? ಅದು ಇದ್ರಲ್ಲಿ ಉಂಟಾ ಇಲ್ವಾ ಗೊತ್ತಾಗುದು ಹೇಗೆ? ಇಲ್ಲದಿದ್ರೆ ಲಾಯರಮ್ಮನ ಕಾರು ಅಡ್ಡ ಹಾಕ್ಬೇಕು. ಉಪ್ಪಿನಂಗಡಿಯಲ್ಲಿ ನಮ್ಮ ಹುಡುಗ್ರು ನಿಂತಿದ್ದಾರೆ. ಸುಮ್ಮನೆ ಲಾಯರನ್ನು ಮುಟ್ಟಿ ಸಿಕ್ಕಿಹಾಕಿಕೊಳ್ಳುದು ಎಂತಕ್ಕೆ?"

ಗಿರಿಧರ ನನ್ನ ಕಾಲರ್ ಹಿಡಿದ.

"ಮುನ್ನೂರು ಕೇಳ್ಲಿಕ್ಕೆ ನಂಗೆ ಪುರುಸೊತ್ತಿಲ್ಲ ಮಾರಾಯ. ಯಾವುದ್ರಿಂದ?"

ಯೋಚಿಸಿದೆ. ಕಿರುಚುವ ಸಿ.ಡಿ. ಒಂದನ್ನು ತೋರಿಸಿದರೆ ಎರಡೇ ನಿಮಿಷದಲ್ಲಿ ಕಿತ್ತೆಸೆಯುತ್ತಾನೆ. ಸಿಟ್ಟಿನಲ್ಲಿ ಉಪ್ಪಿನಂಗಡಿಯ ಹುಡುಗರಿಗೆ ಫೋನು ಮಾಡುತ್ತಾನೆ. ಜಾಜ್ ಎಂದರೆ ಮೈ ಉರಿಯುವ ಮನುಷ್ಯನನ್ನೂ ಒಂದು ಗಂಟೆ ಕೂರಿಸುವಂಥದ್ದು ಬೇಕು. ಅಂಥದ್ದು ಇದೆಯೇ? ಸ್ವಂತ ಮಗಳೇ ಅಪ್ಪನನ್ನು ಎಲ್ಲಿಂದ ಕೇಳಬೇಕೆಂದು ತಿಳಿಯದೆ ಕೈಬಿಟ್ಟಿದ್ದಳು!

ಪರಿಚಯದ ಧಾಟಿಯಲ್ಲಿ ಶುರುವಾಗುವ ಒಂದು ನೆನಪಾಯಿತು. "ಹಳದಿ ಕವರು" ಎಂದೆ. "ಅದ್ರಲ್ಲೇ ಉಂಟು. ಎಲ್ಲಿ ಅಂತ ನೆನಪಿಲ್ಲ. ಪೂರ್ತಿ ಕೇಳ್ಬೇಕು."

ನನ್ನ ವ್ಯಾನಿನಿಂದ ತಂದಿದ್ದ ಪ್ಲೇಯರಿಗೇ ಹಾಕಿದರು.

ಮೊದಲು ಮದುವೆಯಲ್ಲಿ ಧಾರೆಯ ಹೊತ್ತಿಗೆ ನುಡಿಸುವ ಮಂಗಳದ ಧಾಟಿ. ನೇರ, ಸರಳ. ನಮ್ಮೂರಿನ ಯಾರ ಕಿವಿಗಾದರೂ ಪರಿಚಯದ್ದು. ಆಮೇಲೆ ಒಂದು ಸ್ವರ ಜಾರಿತು. ಇನ್ನೊಂದು ಜಗಳಕ್ಕೆ ನಿಂತಿತು. ಪಾತ್ರೆಗಳ ಸದ್ದು, ನಾಯಿಯ ಬೊಗಳು... ಧಾಟಿ ಎಲ್ಲೋ ಮುಳುಗಿ ಹೋಯಿತು.

ಗಿರಿಧರನ ಕೈ ಸ್ವಿಚ್ಚಿನತ್ತ ಹೋಯಿತು.

ಆಗ ಧಾಟಿಯ ಒಂದು ತುಂಡು ಮೇಲೆ ಬಂತು. ಮತ್ತೆ ಮುಳುಗಿತು.

ಕೈ ಅಲ್ಲೇ ನಿಂತಿತು.

"ಇದು... ನನ್ನ ಧಾರೆಗೆ ಇವ ನುಡಿಸಿದ್ದು" ಎಂದ.

ನಮ್ಮಮ್ಮನಾಣೆ, ನನಗದು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ: ಅವನ ಹೆಂಡತಿ ನಿಶ್ಮಿತಾ ಅವನ ಕಾಟ ತಾಳಲಾರದೆ ತವರು ಸೇರಿದ್ದಳು. ಮರಳಿ ಬರಲಿಲ್ಲ.

"ಮದುವೆಯಲ್ಲೂ ಹೀಗೇ ಎಂತೆಂತದೋ ನುಡಿಸಿದ. ನಾನು ಊಟ ಸಹ ಕೊಡದೆ ಓಡಿಸಿದ್ದೆ. ಅವಳು ಮಾತ್ರ ಚಂದ ಉಂಟು ಅಂದಿದ್ಳು."

ಗಿರಿಧರ ಪ್ಲೇಯರಿನತ್ತ ಬಗ್ಗಿದ.

"ಆ ಧಾಟಿ ಪುನಃ ಬರ್ತದಾ?"

"ಬರ್ತದೆ. ಕಾಯ್ಬೇಕು."

ಕಾದ! ಗೋಣಿಯ ಮೇಲೆ ಕೂತು, ತಲೆ ತಗ್ಗಿಸಿ ಕಾದ. ಧಾಟಿ ಹತ್ತಿರ ಬರುತ್ತಿತ್ತು, ಕೈಗೆ ಸಿಗದೆ ಹೋಗುತ್ತಿತ್ತು. ನನಗೂ ಅಂದೇ ಗೌರೀಶಂಕರ ಅರ್ಥವಾದ. ಹಗ್ಗ ಮಣಿಕಟ್ಟು ಕೊಯ್ಯುತ್ತಿದ್ದರೂ ನಾನೂ ಕಿವಿಗೊಟ್ಟೆ.

ಫೋನು ಬಡಿದುಕೊಂಡಿತು. ಚೇಲ ಎತ್ತಿದ.

"ಅಣ್ಣಾ! ಸಿ.ಡಿ. ಜಡ್ಜರ ಟೇಬಲಿಗೆ ಹೋಯ್ತಂತೆ! ಮುದುಕಿ ಎಲ್ಲ ಹೇಳಿದ್ಳಂತೆ! ಈ ನಾಯಿ ನಮ್ಮನ್ನು ಮಂಗ ಮಾಡಿದ!"

ಅವನು ಕಬ್ಬಿಣದ ಸಲಾಕೆ ಎತ್ತಿದ. ನಾನು ಕಣ್ಣು ಮುಚ್ಚಿದೆ.

ಏಟು ಬೀಳಲಿಲ್ಲ.

ಗಿರಿಧರ ತಲೆ ಎತ್ತದೆಯೇ ಒಂದು ಕೈ ಅಡ್ಡ ಹಿಡಿದಿದ್ದ.

"ನಿಲ್ಲು" ಎಂದ. "ಇದು ಮುಗೀಲಿ. ಆಮೇಲೆ ನಾನೇ ಹೊಡಿತೇನೆ."

ಗೌರೀಶಂಕರನ ಸಂಗೀತ ಮುಗಿಯದಿರಲಿ ಎಂದು ಪುತ್ತೂರು ಮಹಾಲಿಂಗೇಶ್ವರನಿಗೆ ಹರಕೆ ಹೊತ್ತ ಮೊದಲ ಕೇಳುಗ ನಾನೇ ಇರಬೇಕು!