ಪ್ರತಿ ಶನಿವಾರ ಅದೇ ಸ್ಟೌ

"ಸ್ಟೌನ ಪೈಪ್ ಹಿಡ್ಕಂಡು ಎತ್ತುತಾರೇನ್ರೀ ಯಾರಾದ್ರೂ? ಕೂಸನ್ನ ಕಿವಿ ಹಿಡ್ದು ಎತ್ತುತೀರಾ ನೀವು?"

ರೂಪಶ್ರೀ ರವೀಂದ್ರನಿಗೆ ಆಡಿದ ಮೊದಲ ಮಾತು ಇದು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಗಳ ಸಾಲಿನ ಕೊನೆಯಲ್ಲಿರುವ ತನ್ನ ಸ್ಟೌ ರಿಪೇರಿ ಅಂಗಡಿಯ ಕಟ್ಟೆಯ ಮೇಲೆ ಅವನು ಭಾರ ಇಳಿಸಿದ್ದೇ ತಡ, ಅವಳ ಬಾಯಿ ಶುರುವಾಗಿತ್ತು.

ಅವನು ಬೆವರು ಒರೆಸಿಕೊಂಡು, "ಗೊತ್ತಾಗ್ಲಿಲ್ಲ ಮೇಡಂ. ಇನ್ಮೇಲೆ ಹಿಡಿಯಲ್ಲ," ಎಂದ.

ಇನ್ನೂ ನಾಲ್ಕು ಮಾತು ಬಯ್ಯಬೇಕೆಂದಿದ್ದವಳು ಸ್ಟೌ ಕಡೆ ನೋಡಿ ಸುಮ್ಮನಾದಳು.

ಬೀಡು ಕಬ್ಬಿಣದ ಮೈ, ಅದರ ಮೇಲೆ ಬಿಳಿ ಪಿಂಗಾಣಿ ಲೇಪ. ಎರಡು ಹಿತ್ತಾಳೆ ಬರ್ನರ್, ಹಿತ್ತಾಳೆಯದೇ ತಿರುಪು. ನಲವತ್ತೈದು ವರ್ಷಕ್ಕೆ ಕಮ್ಮಿಯಿಲ್ಲ. ಇಂಥದ್ದನ್ನು ಅವಳು ಅಪ್ಪನ ಬಾಯಲ್ಲಿ ಕೇಳಿದ್ದಳೇ ಹೊರತು ಕಣ್ಣಲ್ಲಿ ಕಂಡಿರಲಿಲ್ಲ.

ಮೂಲೆಯ ಸ್ಟೂಲಿನಲ್ಲಿ ಕೂತಿದ್ದ ಅಪ್ಪ ಕೆಂಪಣ್ಣ ಎದ್ದು ಬಂದರು. ಕೈ ನಡುಗುತ್ತದೆಂದು ಅವರು ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. ಬಿಳಿ ಲೇಪದ ಮೇಲೆ ಬೆರಳಾಡಿಸಿ, "ಎಲ್ಲೂ ಚಕ್ಕೆ ಎದ್ದಿಲ್ಲ ಕಣಮ್ಮ. ಯಾರೋ ಬಾಳ ಜ್ವಾಪಾನವಾಗಿ ಮಡಿಕಂಡವ್ರೆ," ಎಂದರು.

"ನಮ್ಮಮ್ಮ," ಎಂದ ಅವನು. ಗೊರೂರಿನ ನೀರಾವರಿ ಇಲಾಖೆಯಲ್ಲಿ ಕೆಲಸವಂತೆ, ಕ್ವಾರ್ಟರ್ಸಿನಲ್ಲಿ ತಾಯಿ ಮಗ ಇಬ್ಬರೇ. ವರ್ಗವಾಗಿ ಹೊರಟ ಇಂಜಿನಿಯರ್ ಒಬ್ಬರಿಂದ ಅವನ ಅಪ್ಪ ಈ ಸ್ಟೌ ಕೊಂಡಿದ್ದರಂತೆ. "ಹಾಸನದಲ್ಲಿ ಮೂರು ಅಂಗಡಿ ಸುತ್ತಿದೆ. ಗುಜರಿಗೆ ಹಾಕಿ ಅಂದ್ರು."

"ಅಂದೋರನ್ನ ಗುಜರಿಗೆ ಹಾಕ್ಬೇಕು," ಎಂದಳು ರೂಪಶ್ರೀ.

ಉರಿ ಹಳದಿಯಾಗಿ ಪಾತ್ರೆಗೆಲ್ಲ ಮಸಿ ಹಿಡಿಯುತ್ತಿತ್ತು. ಬಿಚ್ಚಿ ನೋಡಿದರೆ ಗ್ಯಾಸ್ ಬರುವ ಜೆಟ್ಟಿನ ಸೂಜಿತೂತಿನಲ್ಲಿ ಕಂದು ಬಣ್ಣದ ಏನೋ ಸುಟ್ಟು ಗಟ್ಟಿಯಾಗಿತ್ತು. ತೂತು ದೊಡ್ಡದಾಗದ ಹಾಗೆ ತೆಳು ತಂತಿಯಿಂದ ಬಿಡಿಸಿದಳು. ತಿರುಪಿಗೆ ಗ್ರೀಸ್ ಹಚ್ಚಿದಳು, ಪೈಪ್ ಬದಲಿಸಿ ಸೋಪಿನ ನೀರು ಸವರಿ ಗುಳ್ಳೆ ಬರುವುದಿಲ್ಲವೆಂದು ನೋಡಿದಳು. ಕಡ್ಡಿ ಗೀರಿದರೆ ನೀಲಿ ಉರಿ ಭುಗ್ಗೆಂದಿತು.

ಅವನು ಉರಿ ನೋಡಲಿಲ್ಲ, ಅವಳ ಮುಖ ನೋಡುತ್ತಿದ್ದ. ಅವಳಿಗೆ ಅದು ಗೊತ್ತಾಯಿತು, ಗೊತ್ತಾಗದವಳಂತೆ ಕೈ ಒರೆಸಿಕೊಂಡಳು.

"ಇನ್ನು ಹತ್ತು ವರ್ಷ ಈ ಕಡೆ ಬರೋದು ಬೇಡ ನೀವು," ಎಂದಳು.

ಮುಂದಿನ ಶನಿವಾರ ಅವನು ಬಂದ.

ಅದೇ ಸ್ಟೌ, ಅದೇ ಜೆಟ್ಟು, ಅದೇ ಕಂದು ಗಟ್ಟಿ. ಅದರ ಮುಂದಿನ ಶನಿವಾರವೂ ಅಷ್ಟೇ.

"ಹಾಲು ಉಕ್ಕಿಸ್ತೀರೇನ್ರೀ?"

"ಇಲ್ಲ ಮೇಡಂ."

"ಮಣ್ಣು ಗಿಣ್ಣು ಬೀಳ್ತದಾ ಸೂರಿಂದ?"

"ಇಲ್ಲ."

"ಮತ್ತೆ ಇದೇನು ಆಕಾಶದಿಂದ ಬಂತಾ?"

ಅವನು ಬಾಯಿಬಿಡಲಿಲ್ಲ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಕೇಳಿದ್ದಕ್ಕೆ ಉತ್ತರ ಕೊಡದ ಗಂಡಸಿನಷ್ಟು ತಲೆನೋವು ಈ ಭೂಮಿ ಮೇಲೆ ಇನ್ನೊಂದಿಲ್ಲ. ರಿಪೇರಿ ಆಗುವ ತನಕ ಸುಮ್ಮನೆ ನಿಲ್ಲುತ್ತಿದ್ದ, ಕೆಂಪಣ್ಣನವರಿಗೆ ಟೀ ತರುತ್ತಿದ್ದ, ಅವಳು ಕೈ ಚಾಚಿದ ಕೂಡಲೇ ಸರಿಯಾದ ಸ್ಪ್ಯಾನರ್ ಕೊಡುವುದನ್ನು ಮೂರೇ ವಾರದಲ್ಲಿ ಕಲಿತುಬಿಟ್ಟಿದ್ದ. ಆದರೆ ಸ್ಟೌ ಯಾಕೆ ಕೆಡುತ್ತದೆ ಎಂದು ಕೇಳಿದರೆ ಮಾತ್ರ ರಸ್ತೆ ಕಡೆ ನೋಡುತ್ತಿದ್ದ.

ಪಕ್ಕದಲ್ಲಿ ಹೂ ಕಟ್ಟುವ ಸಣ್ಣಕ್ಕ ಒಂದು ದಿನ ಕೇಳಿಯೇಬಿಟ್ಟಳು. "ಗೊರೂರಿಂದ ಆಸ್ನ, ಆಸ್ನದಿಂದ ಇಲ್ಲಿಗೆ. ಎಲ್ಡು ಬಸ್ಸು ಕಣೆ ರೂಪಾ. ಆ ಕಬ್ಣ ತೊಡೆ ಮ್ಯಾಲೆ ಮಡಿಕಂಡು ಯಾವನ್ ಬತ್ತಾನೆ? ಅವ್ನೇ ಕೆಡಿಸ್ಕಂಡು ಬತ್ತಾವ್ನೆ, ನಿನ್ನ ನೋಡಕ್ಕೆ."

"ಸುಮ್ನಿರು ಸಣ್ಣಕ್ಕ."

ಸುಮ್ಮನಿರಲು ಆಗದಿದ್ದುದು ರೂಪಶ್ರೀಗೇ. ಮೂವತ್ತೊಂದು ವಯಸ್ಸು. ನೋಡಲು ಬಂದ ಗಂಡುಗಳೆಲ್ಲ ಕಾಫಿ ಕುಡಿದು, ಅವಳ ಉಗುರಿನ ಮಸಿ ನೋಡಿ, ಆಮೇಲೆ ಹೇಳುತ್ತೇವೆಂದು ಹೋದವರೇ. ಈಗ ಶನಿವಾರ ಬಂದರೆ ಅವಳು ಬೆಳಿಗ್ಗೆಯೇ ಉಗುರು ತಿಕ್ಕಿ ತೊಳೆಯುತ್ತಿದ್ದಳು. ತೊಳೆಯುತ್ತಿರುವಾಗಲೇ ತನ್ನ ಮೇಲೆ ತನಗೇ ಸಿಟ್ಟು.

'ನನ್ನ ನೋಡೋಕೆ ಅಂತ ಅಂಥಾ ಸ್ಟೌ ಹಾಳು ಮಾಡ್ತಿದಾನಾ? ಹಾಗಾದ್ರೆ ಅವನಿಗೆ ಸ್ಟೌ ಬೆಲೆಯೂ ಗೊತ್ತಿಲ್ಲ, ನನ್ನ ಬೆಲೆಯೂ ಗೊತ್ತಿಲ್ಲ...'

ಆರನೇ ಶನಿವಾರ ಜೆಟ್ ಬಿಚ್ಚಿದಾಗ ಕಂದು ಗಟ್ಟಿ ಇನ್ನೂ ಹೆಚ್ಚಾಗಿತ್ತು. ಅವಳ ತಾಳ್ಮೆ ಮುಗಿಯಿತು.

"ಇದು ತಾನಾಗಿ ಬಂದ ಧೂಳಲ್ಲ ರವೀಂದ್ರ. ಬೇಕು ಅಂತ ಹಾಕಿರೋದು. ಹೌದೋ ಅಲ್ವೋ?"

ಅವನ ಮುಖ ಬಿಳುಚಿಕೊಂಡಿತು. ಅಲ್ಲ ಎನ್ನಲಿಲ್ಲ.

"ನಾನು ಆಟದ ಸಾಮಾನಾ ನಿಮ್ಗೆ? ಮಾತಾಡ್ಬೇಕು ಅಂತಿದ್ರೆ ಬಾಯಲ್ಲಿ ಮಾತಾಡೋ ಧೈರ್ಯ ಇರ್ಬೇಕು. ಬಾಯಿಲ್ಲದ ವಸ್ತು ಹಾಳು ಮಾಡ್ಕಂಡು ಬರೋದಲ್ಲ. ತಗಂಡೋಗಿ. ಇನ್ಮೇಲೆ ಇದನ್ನ ನಾನು ಮುಟ್ಟಲ್ಲ."

ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಅವರೆದುರಿಗೇ ಅಂದಳು. ಅವನು ಬಿಚ್ಚಿದ ಬರ್ನರನ್ನು ತಾನೇ ಜೋಡಿಸಿಕೊಂಡ, ಸ್ಟೌವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಟುಹೋದ. ಒಂದು ಮಾತು ಆಡಲಿಲ್ಲ. ಅವಳಿಗೆ ಅದಕ್ಕೂ ಸಿಟ್ಟು ಬಂತು.

ಮುಂದಿನ ಶನಿವಾರ ಅವನು ಬರಲಿಲ್ಲ. ಆಮೇಲಿನ ಎರಡು ಶನಿವಾರವೂ ಇಲ್ಲ. ರೂಪಶ್ರೀ ಮೂರು ಕುಕ್ಕರಿಗೆ ತಪ್ಪು ಗ್ಯಾಸ್ಕೆಟ್ ಹಾಕಿದಳು, ಸಣ್ಣಕ್ಕನ ಜೊತೆ ಕಾರಣವಿಲ್ಲದೆ ಜಗಳವಾಡಿದಳು. "ಪೀಡೆ ತೊಲಗ್ತು," ಎಂದು ಎರಡು ಸಲ ಗಟ್ಟಿಯಾಗಿ ಹೇಳಿಕೊಂಡಳು. ಆಮೇಲೆ ಅಂಗಡಿಯ ಹಿಂದೆ ಹೋಗಿ ಅತ್ತಳು.

ನಾಲ್ಕನೇ ವಾರ ಹಾಸನದಿಂದ ಅನಿಲ್‌ಕುಮಾರ್ ಎಂಬವರು ಬಂದರು. ಹೆದ್ದಾರಿಯಲ್ಲಿ ಹಳೇ ಕಾಲದ ಸಾಮಾನಿಟ್ಟು ಹೋಟೆಲ್ ಮಾಡುತ್ತಿದ್ದರು.

"ಗೊರೂರಲ್ಲೊಂದು ಹಳೇ ಗ್ಯಾಸ್ ಸ್ಟೌ ಕೊಡ್ತಾರಂತೆ ಮೇಡಂ. ಬಿಳೀದು, ಹಿತ್ತಾಳೆ ತಿರುಪು. ಶುಕ್ರವಾರ ಬಂದು ಬೆಲೆ ಕಟ್ಟಿಕೊಡಿ."

ಅವಳು ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಟಳು. 'ಅಷ್ಟು ದೂರ ಹೊತ್ತು ತಂದವನು ಮಾರ್ತಾನಾ? ನಾನು ಮುಟ್ಟಲ್ಲ ಅಂದಿದ್ದಕ್ಕಾ?' ಸ್ಟೌ ಹೋಟೆಲಿನ ಶೋಕೇಸಿಗೆ ಹೋದರೆ ರವೀಂದ್ರನಿಗೂ ತನಗೂ ನಡುವೆ ಇದ್ದ ಒಂದೇ ದಾರಿಯೂ ಹೋಯಿತು. ದಾರಿ ಮುಚ್ಚಿದವಳು ತಾನೇ.

ಶುಕ್ರವಾರ ಬೆಳಿಗ್ಗೆ ಗೊರೂರಿನ ಕ್ವಾರ್ಟರ್ಸಿನಲ್ಲಿ ರವೀಂದ್ರ ಬಾಗಿಲು ತೆಗೆದ. ಅನಿಲ್‌ಕುಮಾರ್ ಜೊತೆ ನಿಂತಿದ್ದ ಅವಳನ್ನು ಕಂಡು ಅವನ ಕೈ ಬಾಗಿಲ ಮೇಲೇ ನಿಂತುಹೋಯಿತು.

"ನಾನು ಬೆಲೆ ಕಟ್ಟೋಕೆ ಬಂದಿರೋದು," ಎಂದಳು, ಅವನ ಮುಖ ನೋಡದೆ.

"ಅಡುಗೆಮನೇಲಿದೆ," ಎಂದ ಅವನು.

ಗಂಡಸರನ್ನು ಜಗುಲಿಯಲ್ಲಿ ಬಿಟ್ಟು ಅವಳೊಬ್ಬಳೇ ಒಳಗೆ ಹೋದಳು. ಅರವತ್ತರ ಹತ್ತಿರದ ಹೆಂಗಸೊಬ್ಬರು ಬೆನ್ನು ಹಾಕಿ ನಿಂತಿದ್ದರು. ಬೋಳು ಹಣೆ, ಬರಿಗೈ. ಸ್ಟೌಗೆ ಅರಿಶಿನ ಕಲಸಿ ಹಚ್ಚುತ್ತಿದ್ದರು. ಮೈಗಲ್ಲ, ಉರಿ ಬರುವ ಬರ್ನರಿನ ತೂತುಗಳ ಮೇಲೆಯೇ, ದಪ್ಪಗೆ. ಅದರ ಮೇಲೆ ಕೈತುಂಬ ಕುಂಕುಮ.

ರೂಪಶ್ರೀ ನಿಂತಲ್ಲೇ ನಿಂತಳು. ಶುಕ್ರವಾರ ಅರಿಶಿನ ಕುಂಕುಮ, ಶನಿವಾರ ಕಂದು ಗಟ್ಟಿ.

ಹೆಜ್ಜೆ ಸದ್ದಿಗೆ ರವೀಂದ್ರನ ತಾಯಿ ಸುಬ್ಬಮ್ಮ ತಿರುಗಿ, ಕುಂಕುಮದ ಭರಣಿಯನ್ನು ಸೆರಗಿನೊಳಕ್ಕೆ ಸೇರಿಸಿದರು. "ಯಾರ್ಗೂ ಏಳ್ಬ್ಯಾಡ ಕಣವ್ವ. ನಮ್ಮೆಜಮಾನ್ರು ಓಗಿ ನಾಕು ವರ್ಸ ಆಯ್ತು. ನಾನು ಕುಂಕ್ಮ ಮುಟ್ಟಂಗಿಲ್ಲ ಅಂತಾರೆ ನೆಂಟ್ರು. ಮದ್ವೆ ಮನೇಲಿ ತಟ್ಟೆ ನನ್ನ ದಾಟ್ಕಂಡು ಮುಂದಕ್ಕೋಯ್ತದೆ. ಈ ಒಲೆ ಏನೂ ಅನ್ನಲ್ವಲ್ಲ... ಅದಕ್ಕೇ ಈ ಎಲ್ಡು ಮೂರು ತಿಂಗ್ಳಿಂದ ಸುಕ್ರವಾರ ಇದಕ್ಕೊಂದಿಷ್ಟು ಇಡ್ತೀನಿ. ಇವತ್ತು ಓಯ್ತದೆ. ಕಡೇ ಸಲ ಅಂತ ವಸಿ ಜಾಸ್ತಿನೇ ಇಟ್ಬುಟ್ಟೆ."

"ನಿಮ್ಮ ಮಗನಿಗೆ ಗೊತ್ತಾ?"

"ಗೊತ್ತು. ಒಂದ್ಸಲನೂ ಬ್ಯಾಡ ಅಂದಿಲ್ಲ ಕಣವ್ವ. ಸುಮ್ಕೆ ಎತ್ಕಂಡೋಗಿ ಕಿಲೀನ್ ಮಾಡಿಸ್ಕಂಡು ಬರೋನು. ಕಿಲೀನ್ ಮಾಡೋರು ಇನ್ನು ಆಗಲ್ಲ ಅಂದ್ರಂತೆ."

ರೂಪಶ್ರೀಗೆ ಕಣ್ಣು ತುಂಬಿ ಬಂತು. ಅಮ್ಮನ ಈ ಒಂದು ಆಸೆಯನ್ನು ಬಯಲು ಮಾಡಬಾರದೆಂದು ಅವನು ಬಾಯಿ ಮುಚ್ಚಿಕೊಂಡು ನಿಂತಿದ್ದ. ಅವಳು ಗಿರಾಕಿಗಳೆದುರು ಅವನಿಗೆ ಧೈರ್ಯವಿಲ್ಲ ಎಂದಿದ್ದಳು!

ಅಷ್ಟರಲ್ಲಿ ಅನಿಲ್‌ಕುಮಾರ್ ಬಾಗಿಲಿಗೆ ಬಂದರು. ಅವರ ಹಿಂದೆ ರವೀಂದ್ರ. "ಎಷ್ಟು ಬಾಳ್ತದೆ ಮೇಡಂ?"

ಅವರು ಓಡಿಹೋಗಲಿ ಎಂದೇ ಅವಳು, "ಐವತ್ತು ಸಾವಿರ," ಎಂದಳು.

"ಆಯ್ತು," ಎಂದರು ಅನಿಲ್‌ಕುಮಾರ್.

ಈ ಮನುಷ್ಯನಿಗೆ ಚೌಕಾಸಿ ಮಾಡಲೂ ಬರುವುದಿಲ್ಲವೇ? ರೂಪಶ್ರೀಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಅವಳು ರವೀಂದ್ರನ ಕಡೆ ತಿರುಗಿದಳು. "ನೀವು ಯಾಕ್ರೀ ಮಾರ್ತಿದೀರಾ ಇದನ್ನ?"

"ನೀವು ಮುಟ್ಟಲ್ಲ ಅಂದ್ರಿ. ಹತ್ತದೇ ಇರೋ ಒಲೆ ಮುಂದೆ ಅಮ್ಮ ದಿನಾ ನಿಂತಿರೋದನ್ನ ನನ್ ಕೈಲಿ ನೋಡಕ್ಕಾಗ್ಲಿಲ್ಲ."

ಅವಳು ಚೀಲದಿಂದ ತಂತಿ ತೆಗೆದು ನೆಲದ ಮೇಲೆ ಕೂತಳು. ಬರ್ನರ್ ಬಿಚ್ಚಿ, ಅರಿಶಿನ ಕುಂಕುಮವನ್ನು ಒಂದು ಚೂರೂ ಚೆಲ್ಲದಂತೆ ಎಲೆಯ ಮೇಲೆ ತೆಗೆದಿಟ್ಟಳು. ಜೆಟ್ ಬಿಡಿಸಿ, ಎಲ್ಲ ಜೋಡಿಸಿ, ಸುಬ್ಬಮ್ಮನ ಕೈಗೆ ಬೆಂಕಿಪೊಟ್ಟಣ ಕೊಟ್ಟಳು. ಉರಿ ನೀಲಿಯಾಗಿ ಎದ್ದಿತು.

"ಬರ್ನರಿಗೆ ಬೇಡ ಅವ್ವ, ಉಸಿರು ಕಟ್ತದೆ ಅದಕ್ಕೆ. ಈ ಮುಂದಿನ ಬಿಳೀ ಪಟ್ಟಿಗೆ ಇಡಿ, ಚೆನ್ನಾಗಿ ಕಾಣ್ತದೆ. ಶುಕ್ರವಾರ ಅಂತಲ್ಲ, ದಿನಾ ಇಡಿ."

ಸುಬ್ಬಮ್ಮ ಮಗನ ಮುಖ ನೋಡಿದರು. "ಇಡಮ್ಮ," ಎಂದ ರವೀಂದ್ರ.

ಅನಿಲ್‌ಕುಮಾರ್ ಪೆದ್ದರೇನಲ್ಲ. ಆ ಒಲೆಯ ಮೇಲೆ ಕಾಸಿದ ಕಾಫಿ ಕುಡಿದು, ಬೇರೆ ಸ್ಟೌ ಇದ್ದರೆ ತಿಳಿಸಿ ಎಂದು ಹೇಳಿ ಹೋದರು.

ರೂಪಶ್ರೀಯನ್ನು ಬಸ್ಸಿಗೆ ಬಿಡಲು ರವೀಂದ್ರ ಜೊತೆಗೆ ಹೊರಟ.

"ನಂದು ತಪ್ಪಾಯ್ತು," ಎಂದಳು ಅವಳು. "ಅಷ್ಟು ಜನರ ಮುಂದೆ ಅಂದ್ಬುಟ್ಟೆ. ನೀವಾದ್ರೂ ಒಂದು ಮಾತು ತಿರುಗಿಸಿ ಆಡ್ಬಾರ್ದಿತ್ತಾ? ಎಷ್ಟು ಸಿಟ್ಟು ಬತ್ತದೆ ಗೊತ್ತಾ ನಿಮ್ಮನ್ನ ನೋಡಿದ್ರೆ?"

"ನೀವಂದಿದ್ದು ಪೂರ್ತಿ ಸುಳ್ಳಲ್ಲ."

"ಅಂದ್ರೆ?"

"ಎರಡನೇ ವಾರನೇ ಹಾಸನದಲ್ಲಿ ಜೆಟ್ ಕ್ಲೀನ್ ಮಾಡೋರು ಸಿಕ್ಕಿದ್ರು, ಈಗ ಅವ್ರೂ ಅಂಗಡಿ ಮುಚ್ಚಿದಾರೆ. ಆವತ್ತು ಅಂಗಡಿ ತನಕ ಹೋಗಿದ್ದೆ." ಅವನು ಚಪ್ಪಲಿ ನೋಡಿಕೊಳ್ಳುತ್ತ ಹೇಳಿದ. "ವಾಪಸ್ ಬಂದು ಚನ್ನರಾಯಪಟ್ಣದ ಬಸ್ ಹತ್ತಿದೆ. ಸ್ಟೌ ನಾನು ಕೆಡಿಸ್ಲಿಲ್ಲ ರೂಪಾ. ಕೆಟ್ಟಾಗ ಸಂತೋಷ ಮಾತ್ರ ಆಗ್ತಿತ್ತು."

ಮೊದಲ ಬಾರಿಗೆ ಹೆಸರು ಹಿಡಿದು ಕರೆದಿದ್ದ. ಅವಳು ನಡೆಯುವುದನ್ನೇ ನಿಲ್ಲಿಸಿದಳು. ಒಂಬತ್ತು ವಾರ ತನ್ನ ತಲೆ ತಿಂದ ಈ ಮನುಷ್ಯನನ್ನು ಬಯ್ಯಬೇಕೋ, ಎದೆಗೆ ಒರಗಿ ಅಳಬೇಕೋ ತಿಳಿಯಲಿಲ್ಲ.

"ನಾಳೆ ಬನ್ನಿ," ಎಂದಳು. "ಸ್ಟೌ ಬೇಡ. ಅಪ್ಪ ಇರ್ತಾರೆ, ಮಾತಾಡಿ. ನಿಮ್ಮಮ್ಮನ್ನ ಕರ್ಕಂಡು ಬನ್ನಿ."

ಅವನ ಮುಖ ಅರಳಿ, ಮತ್ತೆ ಬಾಡಿತು. "ಅಮ್ಮ ಇಂಥ ಕೆಲ್ಸಕ್ಕೆ ಮುಂದೆ ಬರಲ್ಲ. ಯಾರಾದ್ರೂ ಏನಾದ್ರೂ ಅಂತಾರೆ ಅಂತ ಭಯ."

"ಯಾರಂತಾರೋ ನಾನು ನೋಡ್ಕೋತೀನಿ. ನನ್ನ ಬಾಯಿ ಹೆಂಗೆ ಅಂತ ನಿಮಗೆ ಗೊತ್ತಲ್ಲ." ಅವಳ ದನಿ ಮೆತ್ತಗಾಯಿತು. "ನನ್ನ ಹಣೆಗೆ ಮೊದಲು ಕುಂಕುಮ ಇಡೋದು ಅವ್ರೇ ಆಗ್ಬೇಕು. ಬೇರೆ ಯಾರು ತಟ್ಟೆ ಹಿಡ್ಕಂಡು ಬಂದ್ರೂ ನಾನು ಹಣೆ ಒಡ್ಡಲ್ಲ."

ರವೀಂದ್ರ ಏನೋ ಹೇಳಲು ಹೋದ, ಆಗಲಿಲ್ಲ.

"ಏನ್ರೀ, ಇವಾಗ್ಲೂ ಬಾಯಿ ಬಿಡಲ್ವಾ ನೀವು?"

ಅವನು ಕಣ್ಣೊರೆಸಿಕೊಂಡ. "ಕರ್ಕಂಡು ಬತ್ತೀನಿ," ಎಂದ.