ಗೋಡೆ ನಡುವಿನ ಬಿಂದು

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ತಿಂಗಳು, ನಮ್ಮ ಆಫೀಸಿನ ಮೂರನೇ ಮಹಡಿಗೆ ಬೇರೊಂದು ಸಂಸ್ಥೆಯಿಂದ ಒಬ್ಬ ಗಣಿತಜ್ಞ ಬಂದ. ರಾಜಕುಮಾರನಲ್ಲ, ಕುದುರೆಯಿಲ್ಲ, ಶರ್ಟಿನ ಒಂದು ಗುಂಡಿ ಕಿತ್ತುಹೋಗಿದೆ. ಆಕೃತಿಗಳ ಮೂಲೆ ಎಣಿಸುವುದೇ ಅವನ ಕೆಲಸವಾದ್ದರಿಂದ ಎಲ್ಲರ ಬಾಯಲ್ಲೂ 'ಮೂಲೆ ಮಹಾರಾಯ'.

ಅವನ ಬಹುಫಲಕಗಳ ಸಂಕೀರ್ಣವನ್ನು, ಅಂದರೆ ಗೋಡೆಗೆ ಗೋಡೆ ತಾಗಿಸಿ ಜೋಡಿಸಿದ ಕೋಣೆಗಳಂಥ ಆಕೃತಿಯನ್ನು, ಸಾಫ್ಟ್‌ವೇರಿಗೆ ಅರ್ಥ ಮಾಡಿಸುವುದು ನನ್ನ ಪಾಲಿಗೆ ಬಂತು. ಮೊದಲು ಬಿಂದುಗಳ ಪಟ್ಟಿ. ಆಮೇಲೆ ಯಾವ ಬಿಂದುಗಳು ಸೇರಿ ಯಾವ ಕೋಣೆ ಎಂಬ ಪಟ್ಟಿ. ಎರಡು ಕೋಣೆಗಳು ಗೋಡೆ ಹಂಚಿಕೊಂಡರೆ ಇಡೀ ಗೋಡೆಯನ್ನೇ ಹಂಚಿಕೊಳ್ಳಬೇಕು. ಅರ್ಧಕ್ಕೆ ಅಂಟಿಕೊಂಡರೆ ಸಾಫ್ಟ್‌ವೇರ್ ಮೂತಿ ತಿರುಗಿಸುತ್ತದೆ.

"ಶುಕ್ರವಾರ ಹನ್ನೆರಡರೊಳಗೆ ಮುಗಿಸ್ತೀನಿ ಮೇಡಂ" ಎಂದು ಮುಖ್ಯಸ್ಥೆಗೆ ಮಾತು ಕೊಟ್ಟಿದ್ದೆ. ತಪ್ಪಿದರೆ ಕೆಲಸ ಬೇರೆಯವರ ಕೈಗೆ.

ಸಂಜೆ ಒಂದು ಗೋಡೆ ಸರಿಮಾಡಿದರೆ ಬೆಳಿಗ್ಗೆ ಇನ್ನೊಂದು ತಪ್ಪು. ಮತ್ತೆ ಇಬ್ಬರೂ ಒಂದೇ ಪರದೆಯ ಮುಂದೆ. ಬಿಂದು ತೋರಿಸುವ ನೆಪದಲ್ಲಿ ಅವನು ನನ್ನ ಬೆರಳು ನೋಡುತ್ತಿದ್ದ. ಏನೂ ಗೊತ್ತಿಲ್ಲದವಳಂತೆ ನಾನು ಅದೇ ಬೆರಳಲ್ಲಿ ಕೂದಲು ಸರಿಸುತ್ತಿದ್ದೆ.

ಶುಕ್ರವಾರ ಹನ್ನೊಂದಕ್ಕೆ, ಕಡತವನ್ನು ಯಾರು ಯಾವಾಗ ಬದಲಿಸಿದರೆಂಬ ದಾಖಲೆ ತೆರೆದೆ. ದಿನಾ ನಾನು ಬರುವ ಮುಂಚೆ ಯಾವುದೋ ಗೋಡೆಯ ನಡುವೆ ಒಂದು ಹೊಸ ಬಿಂದು. ಈಚೆ ಕೋಣೆ ಎರಡಾಗಿ ಸೀಳಿಹೋಗಿದೆ, ಆಚೆಯದು ಹಾಗೇ ಇದೆ, ಗೋಡೆ ಅರ್ಧಕ್ಕೇ ಅಂಟಿದೆ. ಹದಿನಾಲ್ಕು ದಿನ, ಹದಿನಾಲ್ಕು ಸಲ ಅವನದೇ ಹೆಸರು.

"ಏನ್ರೀ ಇದು?"

ಅವನ ಮುಖ ಸುಣ್ಣವಾಯಿತು. "ಕೆಲಸ ಮುಗಿದ್ರೆ ನಾನು ಹೊರಡ್ಬೇಕಿತ್ತು..."

"ಅದಕ್ಕೆ ನನ್ನ ಮಾನ ಕಳೀಬೇಕಾ? ನನ್ನ ತಲೇಲಿ ಏನೂ ಇಲ್ಲ ಅಂತ ಮನೇಲಿ ಕೂತು ಅತ್ತಿದ್ದೀನಿ!"

"ಅತ್ರಾ?" ಅವನ ದನಿಯೇ ಉಡುಗಿತು.

"ಬಾಯಿಬಿಟ್ಟು ಕೇಳೋಕೇನಾಗಿತ್ತು ಧಾಡಿ?"

"ಇಲ್ಲ ಅಂದ್ಬಿಟ್ಟಿದ್ರೆ?"

"ಅಂತಿದ್ದೆ! ಎರಡು ದಿನ. ಮೂರನೇ ದಿನ ಹೂಂ ಅಂತಿದ್ದೆ!"

ಮಾತು ಜಾರಿದ ಮೇಲೆ ನಾನೇ ಬೆಚ್ಚಿಬಿದ್ದೆ. ಅವನು ಸಟಕ್ಕನೆ ಎದ್ದು ನೇರ ಮುಖ್ಯಸ್ಥೆಯ ಕೋಣೆಗೆ ನಡೆದ.

"ತಪ್ಪೆಲ್ಲ ನಂದು ಅಂತ ಹೇಳ್ಬಿಟ್ಟೆ" ಎಂದ, ವಾಪಸು ಬಂದು.

"ಅಯ್ಯೋ! ಏನಂದ್ರು?"

"ಕನ್ನಡಕ ತೆಗೆದು ನನ್ನನ್ನೇ ನೋಡಿದ್ರು. 'ನಿಮ್ಮ ಸಂಸ್ಥೆಗೆ ಬರೀತೀನಿ. ಆ ಹುಡುಗಿ ಹನ್ನೆರಡಕ್ಕೆ ಮುಗಿಸ್ಲಿ, ನೀವು ಕೀಬೋರ್ಡ್ ಮುಟ್ಟಬೇಡಿ' ಅಂದ್ರು."

ಅವನು ಕೈಕಟ್ಟಿ ಕೂತ. ಆ ದಿನದ ಬಿಂದು ಅಳಿಸಿದೆ, ಸೀಳಿದ ಕೋಣೆಯನ್ನು ಒಂದು ಮಾಡಿದೆ, ಪರೀಕ್ಷೆಗೆ ಬಿಟ್ಟೆ. ಯಂತ್ರ ಒಂದೊಂದೇ ಗೋಡೆ ನೋಡತೊಡಗಿತು.

"ಮೂರನೇ ದಿನ ಅಂದ್ರೆ..." ಪಿಸುಗುಟ್ಟಿದ, "ಯಾವತ್ತು?"

"ಎರಡು ದಿನ ಆಗಲೇ ಕಳೆದಿದೆ ಅಂದ್ಕೊಳ್ಳಿ."

ಹನ್ನೆರಡಕ್ಕೆ ನಾಲ್ಕು ನಿಮಿಷವಿದ್ದಾಗ ಪರದೆಯ ಮೇಲೆ ಮೂಡಿತು: ತಪ್ಪಿಲ್ಲ.