ಇಳಿಯದ ಬಿಸಿ

ಮೇ ಹದಿನೈದರ ಬೆಳಿಗ್ಗೆ 9.10ಕ್ಕೆ ರವೂಫ್ ಸುಳ್ಯ ಠಾಣೆಯ ಮೆಟ್ಟಿಲು ಹತ್ತಿದ. ಹಿಂದಿನ ದಿನ ಅಜ್ಜಾವರದ ತೋಡಿಗೆ, ಮಳೆಗಾಲದಲ್ಲಿ ತುಂಬಿ ಹರಿಯುವ ಹಳ್ಳಕ್ಕೆ, ಕಟ್ಟುತ್ತಿದ್ದ ಕಾಲುಸೇತುವೆಯ ಹೊಸ ಸ್ಲ್ಯಾಬ್ ಬಿರಿದು ಬಿದ್ದಿತ್ತು. ಸ್ಲ್ಯಾಬನ್ನು ಹೊತ್ತ ಸೆಂಟ್ರಿಂಗ್ ಹಲಗೆ ಬಿಚ್ಚುತ್ತಿದ್ದ ಅವನ ಅಣ್ಣ ಹಕೀಮ್ ಅದರಡಿ ಸಿಕ್ಕಿ ಸತ್ತಿದ್ದ.

"ಹದಿನಾಲ್ಕು ದಿನ ಬಿಚ್ಚದೆ ಬಿಡುದು ನಮ್ಮ ಕ್ರಮ ಮೇಡಂ. ಆರೇ ದಿನಕ್ಕೆ ಬಿಚ್ಚಿಸಿದ್ರು. ಪುತ್ತೂರಿನ ಇಂಜಿನಿಯರ್ ಭಾವನಾ ಫೋನಲ್ಲಿ ಹೇಳಿದ್ದು. ಈಗ ಬಿಚ್ಚಬಹುದು ಅಂತ ಕಂಪ್ಯೂಟರ್ ಹೇಳಿತಂತೆ."

ಸಬ್ ಇನ್‌ಸ್ಪೆಕ್ಟರ್ ಮನೋರಮಾ ಕೇಳಿಕೊಂಡರು. ಕಾನ್‌ಸ್ಟೇಬಲ್ ಜತ್ತಪ್ಪ ಬರೆದುಕೊಂಡ. ಹುಡುಗ ನಿನ್ನೆಯಿಂದ ಏನೂ ತಿಂದಿಲ್ಲವೆಂದು ತಿಳಿದಾಗ ಜತ್ತಪ್ಪ ತನ್ನ ಬುತ್ತಿಯನ್ನು ಮೇಜಿನ ಮೇಲೆ ಅವನತ್ತ ಸರಿಸಿದ. 9.50ಕ್ಕೆ ಎಫ್‌ಐಆರ್ ಆಯಿತು. ನಿರ್ಲಕ್ಷ್ಯದಿಂದ ಸಾವು, ಆರೋಪಿ ಭಾವನಾ.

11.15ಕ್ಕೆ ಸ್ಥಳ ಪಂಚನಾಮೆ. ಭಾವನಾ ಮೊದಲೇ ಬಂದು ಕಲ್ಲಿನ ಮೇಲೆ ಲ್ಯಾಪ್‌ಟಾಪ್ ಹಿಡಿದು ಕುಳಿತಿದ್ದಳು.

"ನಿಮ್ಮ ಕಂಪ್ಯೂಟರ್ ಎಂತ ಮಾಡ್ತದೆ?" ಎಂದು ಕೇಳಿದರು ಮನೋರಮಾ.

"ಹೊಸ ಕಾಂಕ್ರೀಟ್ ಒಳಗೆ ಬಿಸಿಯಾಗ್ತದೆ ಮೇಡಂ. ಒಳಗಿಟ್ಟ ವಯರ್ ಆ ಬಿಸಿ ಅಳೆದು ನಂಗೆ ಕಳಿಸ್ತದೆ. ಎಷ್ಟು ಬಿಸಿ ಎಷ್ಟು ಹೊತ್ತು ಇತ್ತು ಅಂತ ನೋಡಿ, ಎಷ್ಟು ಗಟ್ಟಿಯಾಗಿದೆ, ಎಲ್ಲಿ ಬಿರುಕು ಬರಬಹುದು ಅಂತ ಲೆಕ್ಕ ಸಿಗ್ತದೆ."

"ಲೆಕ್ಕ ತಪ್ಪಿತಾ?"

"ತಪ್ಪಿದ್ರೆ ಅವರನ್ನು ಕೊಂದದ್ದು ನಾನೇ."

ಅವಳು ಪರದೆ ತಿರುಗಿಸಿದಳು. ಬೇಗ ಬಿಚ್ಚಿದರೆ ಏನಾಗುತ್ತದೆಂದು ಮೇ ಒಂಬತ್ತರಂದು ಮಾಡಿಟ್ಟಿದ್ದ ಚಿತ್ರ ಅದು. ನಡುವೆ ಎಡಕ್ಕೆ ವಾಲಿದ ಕೆಂಪು ಗೆರೆ. ಮನೋರಮಾ ತೋಡಿನತ್ತ ನೋಡಿದರು. ಬಿದ್ದ ಸ್ಲ್ಯಾಬ್ ಅದೇ ಜಾಗದಲ್ಲಿ, ಹಾಗೆಯೇ ಎಡಕ್ಕೆ ವಾಲಿ ಒಡೆದಿತ್ತು. ಆ ಬಿರುಕನ್ನು ಅದು ಹುಟ್ಟುವ ಮೊದಲೇ ಈ ಹುಡುಗಿ ನೋಡಿದ್ದಳು.

"ಮತ್ತ್ಯಾಕೆ ಬಿಚ್ಚಿ ಅಂದದ್ದು?"

"ಹತ್ತನೇ ತಾರೀಕಿನಿಂದ ಬಿಸಿ ಮತ್ತೆ ಏರಿತು, ಇಳಿಯಲೇ ಇಲ್ಲ. ಅಷ್ಟು ಬಿಸಿ ಇದ್ರೆ ಬೇಗ ಗಟ್ಟಿಯಾಗ್ತದೆ. ಮೇ ತಿಂಗಳ ಸೆಕೆ ಅಂದುಕೊಂಡೆ. ಬಂದು ನೋಡ್ಬೇಕಿತ್ತು."

"ಹನ್ನೆರಡನೇ ತಾರೀಕು ಸಂಜೆ ಒಂದು ಗಂಟೆ ಹೊತ್ತು ಮಳೆ ಬಂದಿತ್ತಲ್ಲ?"

ಭಾವನಾ ಪರದೆಯಲ್ಲಿ ಬಿಸಿಯ ಗೆರೆ ತೆರೆದು ಆ ಸಂಜೆಯ ಮೇಲೆ ಬೆರಳಿಟ್ಟಳು. ಮಳೆಗೂ ಅದು ಬಗ್ಗಿರಲಿಲ್ಲ.

"ಇದೆಂಥ ಕಾಂಕ್ರೀಟ್ ಮಾರಾಯ್ರೆ," ಎಂದ ಜತ್ತಪ್ಪ. "ಹಟ್ಟಿಗೊಬ್ಬರದ ಹಾಗೆ, ಮಳೆ ಬಂದ್ರೂ ಬಿಸಿ ಬಿಡುದಿಲ್ಲ."

ಹೇಳಿದವನೇ ವಯರ್ ಎಲ್ಲಿಗೆ ಹೋಗಿದೆಯೆಂದು ಹುಡುಕತೊಡಗಿದ.

ದಡದಲ್ಲಿದ್ದ, ವಯರ್ ಬಂದು ಸೇರುವ ಅಳತೆಯ ಪೆಟ್ಟಿಗೆ ತೆರೆದರು. ಕಾಂಕ್ರೀಟಿನಿಂದ ಬಂದ ವಯರನ್ನು ಕಿತ್ತು ಅಚ್ಚುಕಟ್ಟಾಗಿ ಸುತ್ತಿಡಲಾಗಿತ್ತು. ಅದರ ಜಾಗದಲ್ಲಿ, ಪೆಟ್ಟಿಗೆಯಲ್ಲೇ ಇಟ್ಟಿದ್ದ ಹೆಚ್ಚುವರಿ ಅಳತೆಯ ವಯರನ್ನು ಸಿಕ್ಕಿಸಲಾಗಿತ್ತು. ಜತ್ತಪ್ಪ ಅದನ್ನು ಹಿಡಿದು ಪೊದೆಯೊಳಗೆ ನಡೆದ. ನಲವತ್ತು ಅಡಿ ಆಚೆ, ಪಕ್ಕದ ಜಾಗದ ದೇರಣ್ಣನ ದನದ ಹಟ್ಟಿಯ ಹಿಂದೆ, ಅದರ ತುದಿ ಗೊಬ್ಬರದ ಗುಂಡಿಯಲ್ಲಿ ಹೂತಿತ್ತು. ಎಳೆದಾಗ ಹಬೆ ಎದ್ದಿತು. 12.40ಕ್ಕೆ ಪಂಚರ ಸಮಕ್ಷಮ ವಶಪಡಿಸಿಕೊಂಡರು.

ಸ್ಲ್ಯಾಬಿಗೆ ನೀರು ಬಿಡುವ ಕೆಲಸವೂ ಪೆಟ್ಟಿಗೆಯ ಬೀಗದಕೈಯೂ ದೇರಣ್ಣನದೇ ಆಗಿತ್ತು. ಎಪ್ಪತ್ತು ದಾಟಿದ ಮನುಷ್ಯ. ಜಗಲಿಯಲ್ಲಿ ಕೂತಿದ್ದವರು ಏಳಲಿಲ್ಲ.

"ವಯರ್ ಹಾಕಿದ್ದು ಯಾರು?"

"ನಾನೇ."

"ಗೊಬ್ಬರದ ಉಪಾಯ ಯಾರು ಹೇಳಿದ್ದು?"

"ಗೊಬ್ಬರಕ್ಕೆ ಯಾರು ಹೇಳ್ಬೇಕು? ಹುಟ್ಟಿದಂದಿನಿಂದ ಕೈ ಹಾಕಿ ನೋಡಿದ್ದೇನೆ. ಕಂಪ್ಯೂಟರಿನ ವಿಷಯ ಹೇಳಿಕೊಟ್ಟದ್ದು ಮಾತ್ರ ಈ ಮಗು."

ಜೊತೆಗೆ ಬಂದಿದ್ದ ಭಾವನಾ ತಲೆ ತಗ್ಗಿಸಿದಳು. ಸೈಟಿಗೆ ಬಂದಾಗಲೆಲ್ಲ ಅವರು ಮಜ್ಜಿಗೆ ಕೊಡುತ್ತಿದ್ದರು. ಕುಡಿಯುತ್ತಾ ಅವಳು ಅವರ ಪ್ರಶ್ನೆಗಳಿಗೆಲ್ಲ ಬಿಡಿಸಿ ಉತ್ತರ ಹೇಳುತ್ತಿದ್ದಳು.

"ಇಷ್ಟು ಅವಸರ ಯಾಕೆ?"

"ಹೋದ ಜೂನಿನಲ್ಲಿ ನನ್ನ ಮೊಮ್ಮಗಳು ಮೋಕ್ಷಿತಾ ಈ ತೋಡು ದಾಟುವ ಸಂಕದಿಂದ ಜಾರಿ ನೀರಲ್ಲಿ ಹೋದ್ಳು, ಶಾಲೆಗೆ ಹೊರಟವಳು. ಆ ಅಡಕೆ ಮರದ ಸಂಕ ಕಟ್ಟಿದ್ದು ನಾನು. ಇನ್ನೂ ಎಂಟು ಮಕ್ಕಳು ಅದರ ಮೇಲೆ ದಾಟುದು ಉಂಟು. ಸೆಂಟ್ರಿಂಗ್ ಬಿಚ್ಚದೆ ಉಳಿದ ಕೆಲಸ ಆಗುದಿಲ್ಲ, ಮಳೆಗೆ ತೋಡು ತುಂಬಿದ್ರೆ ಮತ್ತೆ ದೀಪಾವಳಿ ಕಳೆದೇ ಅಂದ್ರು ಕೆಲಸದವರು." ಅಂಗೈಯಿಂದ ಜಗಲಿಯ ನೆಲ ತಟ್ಟಿದರು. "ತಟ್ಟಿ ನೋಡಿದೆ ಮೇಡಂ. ಕಲ್ಲಿನ ಹಾಗೆ ಇತ್ತು. ಸುಮ್ಮನೆ ದಿನ ದೂಡ್ತಾರೆ ಅಂದುಕೊಂಡೆ. ಹಕೀಮನಿಗೆ ಅವತ್ತು ಬೆಳಿಗ್ಗೆ ಚಾ ಕೊಟ್ಟದ್ದೂ ನಾನೇ."

ದಸ್ತಗಿರಿ ಸಮಯ ಸಂಜೆ 4.40. ಹೊರಡುವ ಮೊದಲು ದೇರಣ್ಣ ದನಗಳಿಗೆ ನೀರಿಡಲು ಅನುಮತಿ ಕೇಳಿದರು. ಕೊಡಪಾನವನ್ನು ಜತ್ತಪ್ಪನೇ ಎತ್ತಿದ.

ಠಾಣೆಯಲ್ಲಿ ರವೂಫ್ ಕಾಯುತ್ತಿದ್ದ. ಮನೋರಮಾ ಎಲ್ಲವನ್ನೂ ಹೇಳಿದರು. ಅವನು ಬೆಂಚಿನಲ್ಲಿ ಕೂತಿದ್ದ ಮುದುಕನನ್ನು ಬಹಳ ಹೊತ್ತು ನೋಡಿದ.

"ಇವರಾ? ದಿನಾ ಎಂಟು ಗಂಟೆಗೆ ದಡದಲ್ಲಿ ನಿಲ್ತಿದ್ದ ಅಜ್ಜ?"

"ಆಚೆ ದಡದಿಂದ ಮೋಕ್ಷಿತಾ ಕರೀತಾಳೆ," ಎಂದರು ದೇರಣ್ಣ, ಯಾರಿಗೂ ಅಲ್ಲದಂತೆ. "ಶಾಲೆಗೆ ಹೊರಟ ಅದೇ ಹೊತ್ತಿಗೆ."

"ಅಣ್ಣ ಹೇಳ್ತಿದ್ದ," ಎಂದ ರವೂಫ್. "ಆ ಅಜ್ಜ ಎಂತದೋ ಕೇಳಿಸಿಕೊಳ್ತಾರೆ, ಪಾಪ ಅಂತ. ಎಂಟು ಗಂಟೆಗೆ ಅವನು ಸುತ್ತಿಗೆ ಬಡಿಯುದು ನಿಲ್ಲಿಸ್ತಿದ್ದ. ಇವರು ಒಳಗೆ ಹೋಗುವವರೆಗೆ."

ದೇರಣ್ಣ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು. ಜತ್ತಪ್ಪನ ಪೆನ್ನು ನಿಂತಿತ್ತು.

"ಅದನ್ನೂ ಬರ್ಕೊಳ್ಳಿ," ಎಂದರು ಮನೋರಮಾ.